ಸಂಬಳ, ಗಿಂಬಳ, ಗೌರವಧನ: ಹೆಸರಲ್ಲೇನಿದೆ?

ಇವತ್ತು ಒಂದೇ ಪದದ ಕಥೆ. ಹೊಸ ತಿಪ್ಪಸಂದ್ರದ ಮೇನ್ ರೋಡಲ್ಲಿ ತಿಂಗಳ ಮೊದಲ ವಾರ ಅತಿ ಹೆಚ್ಚು ಕೇಳಿಸೋ ಪ್ರಶ್ನೆ ಯಾವುದು? "ಸಂಬಳ ಆಯ್ತಾ?" ಪಕ್ಕದಲ್ಲೇ ಎಚ್‌ಎಎಲ್. 1940ರಲ್ಲಿ ಅದು ಶುರುವಾದಾಗಿನಿಂದ ಈ ಸುತ್ತಿನ ಎಷ್ಟೋ ಮನೆಗಳಿಗೆ ಸಂಬಳದ ದಿನವೇ ಹಬ್ಬ.

ಆದ್ರೆ 'ಸಂಬಳ' ಅಂದ್ರೆ ಮೂಲದಲ್ಲಿ ದುಡ್ಡಲ್ಲ. ಸಂಸ್ಕೃತದ 'ಶಂಬಲ'ದಿಂದ ಬಂದ ಪದ ಇದು. ಅರ್ಥ, ದಾರಿಗೆ ಕಟ್ಟಿಕೊಳ್ಳೋ ಬುತ್ತಿ. ಮುಂದಿನ ಸಂಬಳದವರೆಗೆ ಸಾಗಬೇಕಾದ ಬುತ್ತಿ ಅಂದ್ಕೊಂಡ್ರೆ, 25ನೇ ತಾರೀಖಿಗೆ ಅದ್ಯಾಕೆ ಖಾಲಿ ಅನ್ನೋದೂ ಅರ್ಥವಾಗುತ್ತೆ!

ನಮ್ಮ ಜನ ಇದಕ್ಕೊಂದು ಜೋಡಿಪದವನ್ನೂ ಹುಟ್ಟುಹಾಕಿದ್ರು. ಊಟ-ಗೀಟ, ಹಣ-ಗಿಣ ಅಂದ ಹಾಗೆ ಸಂಬಳ-ಗಿಂಬಳ. ಗೀಟ, ಗಿಣ ಅನ್ನೋದಕ್ಕೆ ಸ್ವಂತ ಅರ್ಥ ಇಲ್ಲ. 'ಗಿಂಬಳ'ಕ್ಕೆ ಮಾತ್ರ ಇದೆ: ಲಂಚ. ಅರ್ಥವಿಲ್ಲದ ಪದಕ್ಕೆ ಅರ್ಥ ಕೊಟ್ಟಿದ್ದು ನಮ್ಮ ಕಚೇರಿಗಳು.

ಇನ್ನೊಂದು ಪದ, 'ಜೀತ'. ಇವತ್ತು ಕೇಳಿದ್ರೆ ಮೈ ಝುಂ ಅನ್ನುತ್ತೆ. ಆದ್ರೆ ಹಳಗನ್ನಡದಲ್ಲಿ ಜೀತ ಅಂದ್ರೆ ಸೇವೆಗೆ ಸಿಗೋ ಸಂಬಳ. 'ಜೀವಿತ', ಅಂದ್ರೆ ಬದುಕು ಅನ್ನೋದೇ ಸವೆದು ಜೀತ ಆಯ್ತು. ಕೊನೆಗೆ ಅದೇ ಪದ ಸಾಲಕ್ಕೆ ಸಿಕ್ಕಿ ದುಡಿಯೋ ಗುಲಾಮಗಿರಿಯ ಹೆಸರಾಯ್ತು. ಆ ಪದ್ಧತಿಯನ್ನ ರದ್ದು ಮಾಡೋಕೆ 1976ರಲ್ಲಿ ಕಾಯ್ದೆಯೇ ಬರಬೇಕಾಯ್ತು. ಗೌರವದ ಪದವೂ ಹೀಗೆ ಜಾರಬಹುದು.

ಈಗ 'ಗೌರವಧನ'ಕ್ಕೆ ಬರೋಣ. ಎಷ್ಟು ಚಂದದ ಪದ! ಆದ್ರೆ ಲೆಕ್ಕ ನೋಡಿ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 7ನೇ ವೇತನ ಆಯೋಗದ ಶಿಫಾರಸು ಜಾರಿಯಾಯ್ತು. ಸರ್ಕಾರಿ ನೌಕರರ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ವೇತನಕ್ಕೆ ಆಯೋಗ ಉಂಟು, ಗೌರವಧನಕ್ಕೆ ಇಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗೆ ಸಿಗೋದು ಗೌರವಧನ. ದಿನಾ ಮಕ್ಕಳನ್ನ ನೋಡ್ಕೊಂಡು, ಊಟ ಬಡಿಸಿ, ತೂಕ ಬರೆದು, ಸರ್ವೇ ಮಾಡಿದ್ರೂ ಕಾಗದದಲ್ಲಿ ಅವರು 'ಗೌರವ ಸೇವಕಿ'ಯರು.

ಈ ಹೆಸರಿನ ಆಟ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರ ಪ್ರಕರಣದಲ್ಲಿ 2022ರ ಏಪ್ರಿಲ್ 25ರಂದು ತೀರ್ಪು ಬಂತು: 1972ರ ಗ್ರಾಚ್ಯುಟಿ ಕಾಯ್ದೆ ಇವರಿಗೂ ಅನ್ವಯಿಸುತ್ತೆ, ಗೌರವಧನ ಅಂತ ಕರೆದ್ರೂ ಆ ಕಾಯ್ದೆಯ ಪ್ರಕಾರ ಅದು ವೇತನವೇ. ಅಂದ್ರೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನದ ಲೆಕ್ಕದಲ್ಲಿ ನಿವೃತ್ತಿಯಾಗುವಾಗ ಹಣ. ಐಸಿಡಿಎಸ್ ಯೋಜನೆ ಶುರುವಾಗಿದ್ದು 1975ರಲ್ಲಿ. ಈ ಒಂದು ಮಾತಿಗೆ 47 ವರ್ಷ ಬೇಕಾಯ್ತು.

ಇದು ಅಂಗನವಾಡಿಯವರ ಕಥೆ ಮಾತ್ರ ಅಲ್ಲ. ಇಂದಿರಾನಗರದಲ್ಲಿ ರಾತ್ರಿ ಬಿರಿಯಾನಿ ತಂದುಕೊಡೋ ಹುಡುಗನಿಗೆ ಬರೋದು 'ಪೇಔಟ್', ಅವನು 'ಪಾರ್ಟ್ನರ್'. ನಿಮ್ಮ ಮೊದಲ ಇಂಟರ್ನ್‌ಶಿಪ್‌ನಲ್ಲಿ ಬರೋದು 'ಸ್ಟೈಪೆಂಡ್'. ಆಫರ್ ಲೆಟರ್ ಬಂದಾಗ ಎಲ್ರೂ ಮೊದಲು ನೋಡೋದು ಅಂಕಿಯನ್ನ. ಅದರ ಪಕ್ಕದಲ್ಲಿರೋ ಪದವನ್ನೂ ಓದಿ. ಪಿಎಫ್ ಇದೆಯಾ, ರಜೆ ಇದೆಯಾ, ಕೆಲಸ ಬಿಟ್ರೆ ಏನು ಸಿಗುತ್ತೆ ಅಂತ ಕೇಳಿ. ದಾರಿ ದೂರ ಇದೆ, ಬುತ್ತಿಯಲ್ಲಿ ಏನೇನಿದೆ ಅಂತ ಹೊರಡೋ ಮೊದಲೇ ನೋಡ್ಕೊಳ್ಳೋದು ಒಳ್ಳೇದು.

ಮುಂದಿನ ವಾರ ಇನ್ನೊಂದು ಪದದ ಜೊತೆ ಸಿಗೋಣ.