ತಾರೀಖು ಯಾರು ಕೊಡಬೇಕು?



ಮುರ್ಡೇಶ್ವರದ ಮೀನುಗಾರರೊಬ್ಬರಿಗೆ ಸಂಧಿವಾತ ಇದೆ ಎಂದಿಟ್ಟುಕೊಳ್ಳಿ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ದೊಡ್ಡ ತಜ್ಞರೆಂದರೆ ಮಣಿಪಾಲ, ಇಲ್ಲವೇ ಮಂಗಳೂರು. ಹತ್ತಿರದ ಮಣಿಪಾಲವೇ ಮುರ್ಡೇಶ್ವರದಿಂದ ಸುಮಾರು 100 ಕಿ.ಮೀ. ಓಪಿಡಿ ಚೀಟಿಯ ಕೆಳಗೆ ‘ಮೂರು ತಿಂಗಳು ಬಿಟ್ಟು ಬನ್ನಿ’ ಎಂದು ಬರೆದಿರುತ್ತದೆ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಪುರುಸೊತ್ತೋ ಪುರುಸೊತ್ತು. ತಾರೀಖು ಬೀಳುವುದು ಮಾತ್ರ ಬೋಟು ಕಡಲಿಗಿಳಿದ ಮೇಲೆ! ನಸುಕಿನ ಬಸ್ಸು ಹತ್ತಿ, ಟೋಕನ್ ಹಿಡಿದು ಕೂತು, ಮಧ್ಯಾಹ್ನ ಒಳಗೆ ಹೋದರೆ ಅಂದು ಗಂಟುನೋವಿನ ಸುಳಿವೇ ಇಲ್ಲ. ‘ಅದೇ ಮಾತ್ರೆ ಮುಂದುವರಿಸಿ’ ಎಂದರೆ ಮುಗಿಯಿತು. ಒಂದು ದಿನದ ದುಡಿಮೆ ಹೋಯಿತು. ಮುಂದೆ ಬೆರಳು ಬಾತು ಬಲೆ ಎಳೆಯಲಾಗದೆ ಒದ್ದಾಡುವಾಗ, ಮುಂದಿನ ತಾರೀಖು ಇನ್ನೂ ದೂರ.

ತಾರೀಖನ್ನು ರೋಗಿಯ ಕೈಗೇ ಕೊಟ್ಟರೆ? ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಂಧಿವಾತದ 209 ಜನರ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಅರ್ಧದಷ್ಟು ಜನರಿಗೆ ಎಂದಿನ ಮರುಭೇಟಿ. ಉಳಿದವರಿಗೆ ‘ನಿಮಗೆ ಬೇಕೆನಿಸಿದಾಗ ಕೇಳಿ, ಬೇಗ ನೋಡುತ್ತೇವೆ’ ಎಂಬ ಭರವಸೆ. ಆರು ವರ್ಷಗಳ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಾವೇ ಕೇಳಿ ಬಂದವರ ಆಸ್ಪತ್ರೆ ಭೇಟಿ ಶೇ. 38ರಷ್ಟು ಕಡಿಮೆ, ಆರೋಗ್ಯವೇನೂ ಹದಗೆಡಲಿಲ್ಲ. 2022ರ ಹೊತ್ತಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಇದನ್ನು ಎಲ್ಲ ಮುಖ್ಯ ವಿಭಾಗಗಳಿಗೂ ಹಬ್ಬಿಸಲು ಹೊರಟಿತು.

ಎಲ್ಲರಿಗೂ ಇದು ಹೊಂದದು, ಇದನ್ನು ಒತ್ತಿ ಹೇಳಬೇಕು. ಬಿಪಿ, ಸಕ್ಕರೆ ಕಾಯಿಲೆಗಳು ಒಳಗೊಳಗೇ ಕೆಡಿಸುತ್ತವೆ, ನೋವೆಂದು ಕೂಗುವುದಿಲ್ಲ. ಅವಕ್ಕೆ ತಾರೀಖು ಬೇಕೇ ಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೂ ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರಿಗೂ ಅಷ್ಟೇ. ಸಂಧಿವಾತದ ಕೆಲವು ಮಾತ್ರೆಗಳಿಗೂ ಆಗಾಗ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಆದರೆ ಆ ರಕ್ತವನ್ನು ಊರ ಹತ್ತಿರದ ಲ್ಯಾಬಿನಲ್ಲೇ ಕೊಡಬಹುದಲ್ಲ? ‘ಸಂಕೋಚದಿಂದ ಫೋನೇ ಮಾಡದೆ ಕೂತರೆ?’ ಎಂಬ ಅಳುಕೂ ಸುಳ್ಳಲ್ಲ. ನಮ್ಮಲ್ಲಿ ಡಾಕ್ಟರಿಗೆ ತೊಂದರೆ ಕೊಡಬಾರದೆಂದು ನೋವು ನುಂಗುವ ಅಜ್ಜಿಯರಿಗೇನು ಕೊರತೆ! ಅದಕ್ಕೇ ‘ವರ್ಷದೊಳಗೆ ಒಮ್ಮೆಯಾದರೂ ಬನ್ನಿ’ ಎಂಬ ಗಡುವು ಇರಲೇಬೇಕು. ಫೋನ್ ಎತ್ತುವವರು ಇಲ್ಲದಿದ್ದರಂತೂ ಈ ಏರ್ಪಾಡು ರೋಗಿಯನ್ನು ಕೈಬಿಟ್ಟಂತೆಯೇ ಸರಿ.

ನಮ್ಮಲ್ಲಿ ದಾರಿ ಅರ್ಧ ತೆರೆದೇ ಇದೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ನಿಯಮಗಳ ಪ್ರಕಾರ, ನಿಮ್ಮನ್ನು ಎದುರಿಗೆ ನೋಡಿದ ಡಾಕ್ಟರು ಆರು ತಿಂಗಳೊಳಗೆ ಅದೇ ಕಾಯಿಲೆಗೆ ಫೋನಿನಲ್ಲೇ ಮರುಸಲಹೆ ಕೊಡಬಹುದು. ಕೊಡಲೇಬೇಕೆಂದಿಲ್ಲ, ಅದು ಅವರ ವಿವೇಚನೆ.

ಮುಂದಿನ ಸಲ ಚೀಟಿ ಕೈಗೆ ಬಂದಾಗ ಕೂಡಲೇ ಎದ್ದು ಬರಬೇಡಿ. ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಕೇಳಿ, ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಿ.