ಹೊಲಿಗೆ ಮಿಷನ್ ಕೊಟ್ಟರು, ಬಟ್ಟೆ ಕೊಡೋರು ಯಾರು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಮ್ಮ ಸ್ಲಮ್ಮುಗಳಿಗೆ ಮಹಿಳಾ ಸಬಲೀಕರಣ ಅನ್ನೋದು ಬಂದಾಗಲೆಲ್ಲ ಹೊಲಿಗೆ ಮಿಷನ್ನಿನ ರೂಪದಲ್ಲೇ ಬರುತ್ತದೆ. ಸಮುದಾಯ ಭವನದಲ್ಲಿ ಕೆಲವು ವಾರ ತರಬೇತಿ, ಕೊನೆಗೊಂದು ಸರ್ಟಿಫಿಕೇಟು, ಒಂದು ಫೋಟೋ. 1997ರಲ್ಲಿ ಸ್ವರ್ಣ ಜಯಂತಿ ಅಂದರು, 2013ರಲ್ಲಿ ನಗರ ಜೀವನೋಪಾಯ ಅಂದರು, 2015ರಲ್ಲಿ ಕೌಶಲ ವಿಕಾಸ, 2023ರಲ್ಲಿ ವಿಶ್ವಕರ್ಮ. ಬೋರ್ಡು ಬದಲಾಯಿತು, ಮಿಷನ್ನು ಅದೇ.

ಮಿಷನ್ ಬೇಡ ಅಂತ ನಾವು ಹೇಳ್ತಿಲ್ಲ. ಬಾಗಿಲಲ್ಲಿ ಕೂತು ರವಿಕೆ ಹೊಲಿದು ಮಕ್ಕಳನ್ನ ಓದಿಸಿದ ಅವ್ವಂದಿರು ಇಲ್ಲಿರುವ ಎಷ್ಟೋ ಜನರ ಮನೇಲಿದ್ದಾರೆ. ಆದರೆ ಒಂದೇ ಗಲ್ಲಿಯ ಇಪ್ಪತ್ತು ಹೆಂಗಸರಿಗೆ ಹೊಲಿಗೆ ಕಲಿಸಿದರೆ ಆ ಗಲ್ಲಿಗೆ ಇಪ್ಪತ್ತು ಟೈಲರ್ ಬೇಕೇ? ಮೇಲಿನ ಬೀದಿಯವರು ಅಳತೆ ಕೊಡೋಕೆ ನಮ್ಮ ಕೇರಿಗೆ ಬರ್ತಾರಾ? ಯಂತ್ರಕ್ಕೆ ಜಾತಿ ಇಲ್ಲ ಸ್ವಾಮಿ, ಗಿರಾಕಿಗೆ ಇದೆ.

ಹಾಗಾಗಿ ಕಲಿತವರು ಹೋಗಿ ಸೇರೋದು ಗಾರ್ಮೆಂಟ್ಸಿಗೆ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿ. ಅಲ್ಲಿ ಒಂದು ಷರ್ಟು ಹತ್ತಾರು ಕೈ ದಾಟಿ ತಯಾರಾಗುತ್ತೆ. ಒಬ್ಬಳು ಕಾಲರ್, ಒಬ್ಬಳು ಕಫ್, ಒಬ್ಬಳು ಜೇಬು. ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್ಟು, ತಪ್ಪಿದರೆ ಸೂಪರ್‌ವೈಸರನ ಬೈಗುಳ. ಹತ್ತು ವರ್ಷ ಬರೀ ಕಾಲರ್ ಹೊಲಿದವಳಿಗೆ ಇಡೀ ಷರ್ಟು ಹೊಲಿಯೋದು ಅಲ್ಲಿ ಯಾರೂ ಕಲಿಸೋದಿಲ್ಲ. ಇದನ್ನ ಕೌಶಲ ಕೊಡೋದು ಅನ್ನಬೇಕೋ, ಕಿತ್ತುಕೊಳ್ಳೋದು ಅನ್ನಬೇಕೋ?

ಅದೇ ಹೆಂಗಸರು 2016ರ ಏಪ್ರಿಲ್‌ನಲ್ಲಿ ಏನು ಮಾಡಿದರು? ಪಿ.ಎಫ್.ನಲ್ಲಿ ಮಾಲೀಕ ಕಟ್ಟಿದ ಪಾಲನ್ನು 58 ವರ್ಷ ತುಂಬೋವರೆಗೆ ಮುಟ್ಟೋ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಮಗಳ ಮದುವೆಗೆ, ಕಾಯಿಲೆಗೆ, ಸಾಲಕ್ಕೆ ಅಂತ ಕೂಡಿದ ದುಡ್ಡು ಅದು. ಸಾವಿರಾರು ಹೆಂಗಸರು ಮಿಷನ್ ಬಿಟ್ಟೆದ್ದು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ದೊಡ್ಡ ಲೀಡರು ಯಾರೂ ಮುಂದಿರಲಿಲ್ಲ. ಲಾಠಿ ಬಿತ್ತು. ಎರಡೇ ದಿನದಲ್ಲಿ ನಿಯಮ ವಾಪಸ್ಸಾಯಿತು. ಕಾಯಿದೆಯ ಲೆಕ್ಕ ತಿಳಿಯೋದೂ ಒಂದು ಕೌಶಲ, ಅದಕ್ಕೆ ಸರ್ಟಿಫಿಕೇಟು ಕೊಡೋರಿಲ್ಲ.

ಬೆಳಗಿನ ಜಾವ ಬೆಂಗಳೂರು ಗುಡಿಸೋ ಪೌರಕಾರ್ಮಿಕರಲ್ಲಿ ಹೆಚ್ಚಿನವರು ನಮ್ಮ ಹೆಂಗಸರೇ. ನಗರ ಉಸಿರಾಡೋದು ಅವರಿಂದ, ಅವರ ಕೆಲಸಕ್ಕೆ ಮಾತ್ರ ಕುಶಲತೆ ಬೇಕಿಲ್ಲ ಅಂತಾರೆ. 2022ರ ಜುಲೈನಲ್ಲಿ ಮುಷ್ಕರ ಹೂಡಿ ಖಾಯಂಗೆ ಸರ್ಕಾರವನ್ನ ಒಪ್ಪಿಸಿದರು. 2025ರ ಮೇ 1ರಂದು 12 ಸಾವಿರಕ್ಕೂ ಹೆಚ್ಚು ಜನರ ಕೈಗೆ ನೇಮಕದ ಪತ್ರ ಬಂತು. ಸಂತೋಷ. ಆದರೆ ಅವರ ಹೆಣ್ಣುಮಕ್ಕಳ ಕೈಗೂ ಪೊರಕೆಯೇ ಬರಬೇಕೇನು? ಆ ಹುಡುಗಿಗೆ ವೈರಿಂಗು ಯಾಕೆ ಕಲಿಸಬಾರದು, ಬಸ್ ಓಡಿಸೋದು ಯಾಕೆ ಕಲಿಸಬಾರದು?

ಇನ್ನು ಕೂಸಿನ ಮಾತು. ತರಬೇತಿಗೆ ಸೇರಿದವಳು ನಡುವೆ ಬಿಟ್ಟರೆ ಅವಳಿಗೆ ಆಸಕ್ತಿ ಇಲ್ಲ ಅಂತ ಬರೆದುಕೊಳ್ತಾರೆ. ಮಗು ಯಾರ ಹತ್ತಿರ ಬಿಟ್ಟು ಬರಬೇಕು ಅವಳು? ಬಾಬಾಸಾಹೇಬರು 1928ರಲ್ಲೇ ಬೊಂಬಾಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರ ನಿಂತು, ದುಡಿಯೋ ತಾಯಿಯ ಹೊರೆ ಅವಳೊಬ್ಬಳದಲ್ಲ, ಮಾಲೀಕನದೂ ಸರ್ಕಾರದ್ದೂ ಹೌದು ಅಂತ ವಾದಿಸಿದ್ದರು. ತರಬೇತಿ ಕೇಂದ್ರದ ಪಕ್ಕ ಒಂದು ತೊಟ್ಟಿಲು ಕಟ್ಟೋಕೆ ಇವರಿಗೆ ಇನ್ನೆಷ್ಟು ವರ್ಷ ಬೇಕು?

ಗೆಳೆಯರೇ, ಬರುವ ಭಾನುವಾರ ಒಂದೊಂದು ನೋಟ್‌ಬುಕ್ ಹಿಡಿದು ಕೇರಿಗಳಿಗೆ ಹೋಗೋಣ. ಯಾರು ತರಬೇತಿ ಪಡೆದರು, ಮಿಷನ್ ಈಗ ಎಲ್ಲಿದೆ, ಅಡವಿಟ್ಟಿದ್ದಾರೋ ಓಡ್ತಿದೆಯೋ, ಬಟ್ಟೆ ಕೊಡೋರು ಯಾರು, ಅವರಿಗೇ ಏನು ಕಲಿಯೋ ಆಸೆ. ಕೇಳಿ ಬರೆದುಕೊಳ್ಳಿ. ಹುಡುಗರಿಗಿಂತ ಹುಡುಗಿಯರು ಕೇಳಿದರೆ ನಿಜ ಹೇಳ್ತಾರೆ, ಆದ್ದರಿಂದ ತಂಗಿಯರು ಮುಂದಿರಲಿ. ಆ ನೋಟ್‌ಬುಕ್ಕುಗಳನ್ನೇ ತಗೊಂಡು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗೋಣ.

ಜೈಭೀಮ್.