ಮೊದಲು ಗೋಡೆ, ಆಮೇಲೆ ಅನಿಮೇಷನ್

ಇವತ್ತಿನ ಸಂಚಿಕೆ ಪ್ರೊಜೆಕ್ಷನ್ ಮ್ಯಾಪಿಂಗ್ ಬಗ್ಗೆ. ಅಂದ್ರೆ ಬಿಳಿ ಪರದೆ ಬದಲು ಕಟ್ಟಡ, ಕಾರು, ಪ್ರತಿಮೆ ಇಂಥ ಉಬ್ಬುತಗ್ಗಿರೋ ವಸ್ತುಗಳ ಮೇಲೆ, ಅವುಗಳ ಆಕಾರಕ್ಕೆ ಸರಿಯಾಗಿ ಚಿತ್ರ ಬಿಡೋದು. ಕಾಲೇಜು ಫೆಸ್ಟ್‌ಗೋ ರಾಜ್ಯೋತ್ಸವಕ್ಕೋ ಇದನ್ನ ಮಾಡ್ಬೇಕು ಅನ್ನೋರಿಗೆ ನನ್ನದೊಂದೇ ಮಾತು: ಅನಿಮೇಷನ್‌ಗೆ ದುಡ್ಡು ಕೊಡೋದು ಕೊನೆಗೆ.

ಯಾಕೆ? 1969ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 'ಹಾಂಟೆಡ್ ಮ್ಯಾನ್ಷನ್' ಶುರುವಾಯ್ತು. ಅಲ್ಲಿ ಐದು ಪ್ರತಿಮೆಗಳು ಹಾಡ್ತವೆ. ಗಾಯಕರ ಮುಖವನ್ನ ಚಿತ್ರೀಕರಿಸಿ, ಆ ಫಿಲ್ಮನ್ನ ಪ್ರತಿಮೆಗಳ ಮುಖದ ಮೇಲೆ ಬಿಟ್ಟಿದ್ದು. ಪ್ರತಿಮೆ ತಲೆ ಅಲ್ಲಾಡಿಸಲ್ಲ. ಹಾಗಾಗಿ ಹಾಡುವಾಗ ಗಾಯಕರೂ ಅಲ್ಲಾಡೋ ಹಾಗಿಲ್ಲ. ಅಲ್ಲಾಡಿದ್ರೆ ಅವರ ಬಾಯಿ ಪ್ರತಿಮೆಯ ಕೆನ್ನೆ ಮೇಲೆ ಬೀಳುತ್ತೆ. ವಸ್ತು ಹೆಂಗಿದೆಯೋ ವಿಡಿಯೋ ಹಂಗಿರ್ಬೇಕು.

ಈಗ ಲೆಕ್ಕಕ್ಕೆ ಬರೋಣ. ಗೋಡೆ 6.4 ಮೀಟರ್ ಅಗಲ, 4 ಮೀಟರ್ ಎತ್ತರ ಅಂದ್ಕೊಳ್ಳಿ. ಪ್ರೊಜೆಕ್ಟರ್ ಲೆನ್ಸಿನ ಥ್ರೋ ರೇಷಿಯೋ 1.5 ಇದ್ರೆ, ಅಗಲಕ್ಕೆ ಗುಣಿಸಿ: 9.6 ಮೀಟರ್ ದೂರದಲ್ಲಿ ಇಡಬೇಕು. ಆ ಜಾಗದಲ್ಲಿ ಮರ ಇದೆಯಾ, ಜನ ಓಡಾಡ್ತಾರಾ, ಹೋಗಿ ನೋಡಿ.

ಎರಡನೇದು ಬೆಳಕು. 10,000 ಲ್ಯೂಮೆನ್ ಪ್ರೊಜೆಕ್ಟರ್ ಆದ್ರೆ, 25.6 ಚದರ ಮೀಟರ್‌ಗೆ ಹಂಚಿದಾಗ ಸುಮಾರು 390 ಲಕ್ಸ್. ಅಗಲ, ಎತ್ತರ ಎರಡನ್ನೂ ದುಪ್ಪಟ್ಟು ಮಾಡಿದ್ರೆ ಬೆಳಕು ಅರ್ಧ ಆಗಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ, 98 ಲಕ್ಸ್. ಇನ್ನೊಂದು ವಿಷಯ, ಯಾವ ಪ್ರೊಜೆಕ್ಟರೂ ಕಪ್ಪು ಬಣ್ಣ ಬಿಡಲ್ಲ. ಕಪ್ಪು ಅಂದ್ರೆ ಬೆಳಕು ಇಲ್ಲದ ಜಾಗ. ಪಕ್ಕದ ಬೀದಿದೀಪ ಉರೀತಿದ್ರೆ ಆ ಕಪ್ಪು ಬೂದು ಆಗುತ್ತೆ. ದೀಪ ಆರಿಸೋಕೆ ಒಪ್ತಾರಾ ಅಂತ ಮೊದಲೇ ಕೇಳಿ. ಕಪ್ಪು ಕಲ್ಲು ಬೆಳಕನ್ನ ಹೀರ್ಕೊಳ್ಳುತ್ತೆ, ಗಾಜು ಒಳಕ್ಕೆ ಬಿಟ್ಬಿಡುತ್ತೆ. ತಿಳಿ ಬಣ್ಣದ, ಹೊಳಪಿಲ್ಲದ ಗೋಡೆ ಒಳ್ಳೇದು.

ಮೂರನೇದು ನೆರಳು. ಪ್ರೊಜೆಕ್ಟರ್ ಇಡೋ ಜಾಗದಲ್ಲಿ, ಅದೇ ಎತ್ತರಕ್ಕೆ ಮೊಬೈಲ್ ಹಿಡಿದು ಫೋಟೋ ತೆಗೀರಿ. ಫೋಟೋದಲ್ಲಿ ಕಂಬದ ಹಿಂದೆ ಮರೆಯಾಗಿರೋ ಭಾಗಕ್ಕೆ ಬೆಳಕು ಬೀಳಲ್ಲ. ಅದು ಬೇಕೇಬೇಕು ಅಂದ್ರೆ ಇನ್ನೊಂದು ಮೂಲೆಯಿಂದ ಎರಡನೇ ಪ್ರೊಜೆಕ್ಟರ್ ಬೇಕು, ಅಂದ್ರೆ ಎರಡನೇ ಬಾಡಿಗೆ.

ಜೊತೆಗೆ ಪ್ರೊಜೆಕ್ಟರ್ ಸ್ಟ್ಯಾಂಡ್ ಗಟ್ಟಿಯಾಗಿರ್ಲಿ. ದೊಡ್ಡ ಸ್ಪೀಕರ್ ಪಕ್ಕದಲ್ಲಿಟ್ರೆ ಆ ಅದುರಿಗೇ ಚಿತ್ರ ಜರುಗುತ್ತೆ. ಆಕಾರಕ್ಕೆ ಚಿತ್ರ ಕೂರಿಸೋ ಕೆಲಸ ಕತ್ತಲಾದ ಮೇಲೇ ಆಗೋದು. ಅದಕ್ಕೆ ಕಾರ್ಯಕ್ರಮದ ಹಿಂದಿನ ರಾತ್ರಿಯ ಬಾಡಿಗೆಯನ್ನೂ ಬಜೆಟ್‌ಗೆ ಸೇರಿಸಿ. ಹಣ ಕಮ್ಮಿ ಇದ್ರೆ ಚಿತ್ರದ ಅಳತೆ ಚಿಕ್ಕದು ಮಾಡಿ, ಆ ರಾತ್ರಿಯನ್ನ ಮಾತ್ರ ಬಿಡಬೇಡಿ. ಇಡೀ ಕಟ್ಟಡದ ಮೇಲೆ ಮಂಕಾಗಿ ಕಾಣೋದಕ್ಕಿಂತ, ಒಂದೇ ಬಾಗಿಲ ಮೇಲೆ ಹೊಳೆಯೋ ಚಿತ್ರ ಮೇಲು.

ದೂರ, ಬೆಳಕು, ನೆರಳು, ಈ ಮೂರಕ್ಕೂ ಉತ್ತರ ಸಿಗೋವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ.